ಮರೆತುಹೋದ ಬಣ್ಣದ ವೀರರು

ಸೂಪರ್‌ಮ್ಯಾನ್ ಹೆಸರು ಕೇಳದ ಹುಡುಗ ಈಗ ನಮ್ಮ ಗಡಿನಾಡಿನ ಯಾವ ಹಳ್ಳಿಯೊಳಗೂ ಸಿಗೂದಿಲ್ಲ. ಅಂಗಿ ಮ್ಯಾಲ ಅವನ ಚಿತ್ರ, ಸಾಲಿ ಚೀಲದ ಮ್ಯಾಲ ಅವನ ಚಿತ್ರ. ಬ್ಯಾಟ್‌ಮ್ಯಾನ್ ಅಂದರೂ ಹುಡುಗರಿಗೆ ಗೊತ್ತು. ಆದರೆ ಇವರ ಜೋಡಿ ಅದೇ ಕಾಲದಾಗ, ಅದೇ ಅಮೆರಿಕಾ ದೇಶದಾಗ, ಅದೇ ಅಗ್ಗದ ಕಾಗದದ ಮ್ಯಾಲ ಹುಟ್ಟಿದ ಇನ್ನೂ ನೂರಾರು ಮಂದಿ ವೀರರು ಇದ್ದರು. ಅವರೊಳಗ ಹೆಚ್ಚಿನವರನ್ನು ಹುಟ್ಟಿದ ದೇಶವೇ ಮರೆತುಬಿಟ್ಟದ.

ನಾನು ಹೊಲ ಮಾಡೋನು, ಪದ ಹಾಡೋನು. ಓದಿದ್ದು ಏಳನೇ ಇಯತ್ತೆ. ವೀರರ ಲಾವಣಿ ಹಾಡಿಕೊಂಡೇ ಕೂದಲು ಬೆಳ್ಳಗಾದವು. ಒಬ್ಬ ವೀರ ಯಾಕ ಉಳಿತಾನ, ಇನ್ನೊಬ್ಬ ಯಾಕ ಅಳಿತಾನ ಅನ್ನೂದು ಹಾಡುವವನಿಗೆ ಸಣ್ಣ ಪ್ರಶ್ನೆಯಲ್ಲ. ‘ಚಲೋ ಇದ್ದದ್ದು ಉಳಿತದ, ಕೆಟ್ಟದ್ದು ಹೋಗ್ತದ’ ಅಂತ ಮಂದಿ ಸುಲಭಾಗಿ ಅಂದುಬಿಡ್ತಾರ. ಈ ಬಣ್ಣದ ಪುಸ್ತಕಗಳ ಇತಿಹಾಸ ನೋಡಿದರೆ ಆ ಮಾತು ಪೂರಾ ಖರೆ ಅಲ್ಲ ಅಂತ ತಿಳಿತದ.

ಮೊದಲು ಹುಟ್ಟಿದ ಕತೆ ಹೇಳ್ತೀನಿ. ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಪಟ್ಟಣದಾಗ ಜೆರ್ರಿ ಸೀಗಲ್, ಜೋ ಶೂಸ್ಟರ್ ಅಂತ ಇಬ್ಬರು ಗೆಳೆಯರು. ಇಬ್ಬರೂ ಯುರೋಪಿನಿಂದ ವಲಸೆ ಬಂದ ಯಹೂದಿ ಮನೆತನದ ಮಕ್ಕಳು. ಒಬ್ಬ ಕತೆ ಬರೀತಿದ್ದ, ಇನ್ನೊಬ್ಬ ಚಿತ್ರ ತೆಗೀತಿದ್ದ. ಅವರು ಮಾಡಿದ ಸೂಪರ್‌ಮ್ಯಾನ್ 1938ರ ಜೂನ್ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯೊಳಗ ಬಂದ. ಪುಸ್ತಕದ ಬೆಲೆ 10 ಸೆಂಟ್. ಆ 13 ಪುಟಕ್ಕ, ಅದರ ಜೋಡಿ ಆ ವೀರನ ಮ್ಯಾಲಿನ ಎಲ್ಲಾ ಹಕ್ಕಿಗೆ ಸೇರಿ, ಇಬ್ಬರಿಗೂ ಸಿಕ್ಕಿದ್ದು 130 ಡಾಲರ್. ಪುಟಕ್ಕ 10 ಡಾಲರ್ ಲೆಕ್ಕ. ಅದೇ ಪುಸ್ತಕದ ಒಂದು ಹಳೇ ಪ್ರತಿ 2024ರಾಗ ಹರಾಜಿನೊಳಗ 60 ಲಕ್ಷ ಡಾಲರಿಗೆ ಹೋತು. ಇವೆರಡು ಅಂಕಿ ಮನಸ್ಸಿನಾಗ ಇಟ್ಟುಕೊಳ್ರಿ. ಮುಂದಿನ ಕತೆಯೆಲ್ಲಾ ಇವೆರಡರ ನಡುವೆ ಅದ.

ಸೂಪರ್‌ಮ್ಯಾನ್ ಪುಸ್ತಕ ಹಂಗ ಮಾರಾಟ ಆದದ್ದು ನೋಡಿ ಉಳಿದ ಪ್ರಕಾಶಕರು ಸುಮ್ಮನ ಕೂಡಲಿಲ್ಲ. ಒಬ್ಬ ಈರುಳ್ಳಿ ಹಾಕಿ ನಾಲ್ಕು ದುಡ್ಡು ನೋಡಿದ ವರ್ಷ ಊರಿಗೆ ಊರೇ ಈರುಳ್ಳಿ ಹಾಕ್ತದಲ್ಲ, ಹಂಗ. ಎಲ್ಲರಿಗೂ ಒಬ್ಬೊಬ್ಬ ವೀರ ಬೇಕಾದ. 1939ರಿಂದ 1941ರ ತನಕ ನ್ಯೂಯಾರ್ಕಿನ ಸಣ್ಣ ಸಣ್ಣ ಕೋಣಿಯೊಳಗ ಹುಡುಗರು ಹಗಲು ರಾತ್ರಿ ಕುಂತು ವೀರರನ್ನು ಹುಟ್ಟಿಸಿದರು. ಅವಸರದ ಕೆಲಸ, ಪುಟದ ಲೆಕ್ಕದ ಕೂಲಿ. ಅದರಾಗ ವಿಚಿತ್ರ ವಿಚಿತ್ರ ಬೆಳೆ ಬಂತು.

‘ರೆಡ್ ಬೀ’ ಅಂತ ಒಬ್ಬ ಇದ್ದ. ಕೆಂಪು ಜೇನುಹುಳ ಅಂತ ಅರ್ಥ. 1940ರ ಜುಲೈ ತಿಂಗಳ ‘ಹಿಟ್ ಕಾಮಿಕ್ಸ್’ ಮೊದಲ ಸಂಚಿಕೆಯೊಳಗ ಹುಟ್ಟಿದ. ಹಗಲು ಹೊತ್ತಿನಾಗ ಅವನು ರಿಕ್ ರ‍್ಯಾಲಿ ಅನ್ನೋ ಸಹಾಯಕ ಸರ್ಕಾರಿ ವಕೀಲ. ರಾತ್ರಿ ಮುಖವಾಡ ಹಾಕಿಕೊಂಡು ಕಳ್ಳರ ಬೆನ್ನು ಹತ್ತಾವ. ಅವನಿಗೆ ಹಾರಾಕ ಬರೂದಿಲ್ಲ, ಗುಂಡು ತಡಿಯಾಕ ಆಗೂದಿಲ್ಲ. ಅವನ ಬಲ ಅಂದ್ರ ಪಳಗಿಸಿದ ಜೇನುಹುಳ. ಅದರಾಗ ಮೈಕೆಲ್ ಅಂತ ಒಂದು ಮುದ್ದಿನ ಹುಳವನ್ನು ನಡುಪಟ್ಟಿಯ ಬಕಲಿನೊಳಗ ಇಟ್ಟುಕೊಂಡಿರತಿದ್ದ. ಅಡಚಣಿ ಬಂದಾಗ ಅದನ್ನ ಬಿಡೂದು. ನಗಬ್ಯಾಡ್ರಿ. ಜೇನು ಎದ್ದಾಗ ಎಂಥಾ ಪೈಲ್ವಾನನೂ ಧೋತರ ಬಿಟ್ಟು ಓಡ್ತಾನ ಅನ್ನೂದು ನಮಗೆ ಗೊತ್ತದ. ಆದರೂ ಅವನು ಬಹಳ ವರ್ಷ ಬಾಳಲಿಲ್ಲ.

‘ಮ್ಯಾಡಮ್ ಫೇಟಲ್’ ಕತೆ ಇನ್ನೂ ಬ್ಯಾರೆ. ರಿಚರ್ಡ್ ಸ್ಟ್ಯಾಂಟನ್ ಅನ್ನೋ ನಾಟಕದ ನಟ. ಅವನ ಮಗಳನ್ನು ಗೂಂಡಾಗಳು ಅಪಹರಣ ಮಾಡ್ತಾರ. ಅವನು ಮುದುಕಿ ವೇಷ ಹಾಕಿ, ಕೋಲು ಹಿಡಿದು, ಬೆನ್ನು ಬಗ್ಗಿಸಿಕೊಂಡು ಕಳ್ಳರ ನಡುವೆ ಹೋಗ್ತಾನ. ಮುದುಕಿ ಅಂತ ಅವರು ಕಡೆಗಣಿಸಿದಾಗ ಕೋಲು ತಿರುಗಿಸಿ ಬಡಿತಾನ. ಹೆಣ್ಣುವೇಷ ಹಾಕುವ ಗಂಡಸು ನಮ್ಮ ದೊಡ್ಡಾಟ, ಸಣ್ಣಾಟದೊಳಗ ಏನೂ ಹೊಸದಲ್ಲ, ಅವನಿಗೆ ಮರ್ಯಾದಿಯೂ ಇತ್ತು. ಅಮೆರಿಕಾದ ಹುಡುಗರು ಮಾತ್ರ ಅದನ್ನು ಚಾಷ್ಟಿ ಅಂತ ತಿಳಿದಂಗ ಕಾಣ್ತದ. 1940ರಾಗ ‘ಕ್ರ್ಯಾಕ್ ಕಾಮಿಕ್ಸ್’ ಒಳಗ ಬಂದವನು 1942ಕ್ಕ ಮುಗಿದ.

ಅದೇ 1940ರ ನವೆಂಬರಿನಾಗ ಶೆಲ್ಡನ್ ಮೇಯರ್ ಅನ್ನುವವನು ಒಬ್ಬ ಖರೆ ಹೆಂಗಸನ್ನೇ ಗಂಡುವೇಷ ಹಾಕಿಸಿ ತಂದ. ಆಕಿ ಹೆಸರು ಮಾ ಹಂಕಲ್. ನ್ಯೂಯಾರ್ಕಿನ ಓಣಿಯೊಳಗ ಕಿರಾಣಿ ಅಂಗಡಿ ನಡೆಸೋ ದಪ್ಪ ತಾಯಿ, ಮೈಯಾಗ ಗಟ್ಟಿ. ಮಕ್ಕಳನ್ನು ಒಬ್ಬ ಗೂಂಡಾ ಎತ್ತಿಕೊಂಡು ಹೋದಾಗ ಯಾರ ಹಾದಿಯೂ ಕಾಯಲಿಲ್ಲ. ಉದ್ದನ ಕೆಂಪು ಒಳಉಡುಪು ತೊಟ್ಟು, ಕಣ್ಣಿಗೆ ತೂತು ಮಾಡಿದ ಅಡಿಗಿ ಪಾತ್ರಿ ತಲಿಗೆ ಬೋರಲು ಹಾಕಿಕೊಂಡು ಹೊಂಟಳು. ‘ರೆಡ್ ಟೊರ್ನಾಡೊ’ ಅಂತ ಹೆಸರು ಬಂತು, ಕೆಂಪು ಸುಂಟರಗಾಳಿ. ದೊಡ್ಡ ದೊಡ್ಡ ವೀರರೆಲ್ಲಾ ಕೂಡಿ ಮೊದಲ ಸಭಾ ಮಾಡಿದ ಕತೆಯೊಳಗ ಈಕಿಯೂ ಬರ್ತಾಳ. ಆದರೆ ಬರುವಾಗ ಚಲ್ಲಣ ಹರಿದು, ನಾಚಿಕೊಂಡು ಹೊಳ್ಳಿ ಹೋಗ್ತಾಳ. ಪಾತ್ರಿ ಹೊತ್ತ ಆ ತಾಯಿಯನ್ನು ನಗಿಸಾಕಂತಲೇ ಮಾಡಿದ್ದು. ಆದರೂ ಮಕ್ಕಳಿಗಾಗಿ ಕೈಗೆ ಸಿಕ್ಕದ್ದನ್ನೇ ಆಯುಧ ಮಾಡಿಕೊಂಡ ತಾಯಂದಿರು ಯಾವ ಊರಾಗ ಇಲ್ಲ? ಆಕಿಯನ್ನು ಕಂಡು ನನಗೆ ನಗುವಿನ ಹಿಂದ ಗೌರವ ಬಂತು.

ಇನ್ನ ಫ್ಲೆಚರ್ ಹ್ಯಾಂಕ್ಸ್ ಅನ್ನುವವನ ವಿಷಯ. ಅವನು ಎರಡು ಮೂರು ವರ್ಷದಾಗ 50ರ ಸುಮಾರು ಕತೆ ಮಾಡಿದ, ಬರೂದೂ ತಾನೇ, ಚಿತ್ರವೂ ತಾನೇ. ಅವನ ‘ಸ್ಟಾರ್‌ಡಸ್ಟ್’ ಅನ್ನೋ ಮಾಂತ್ರಿಕ ಆಕಾಶದಿಂದ ಇಳಿದು ಬರ್ತಾನ. ಹೊಡೆದಾಟ ಬಡಿದಾಟ ಅವನಿಗೆ ಬೇಕಾಗಿಲ್ಲ, ಶಿಕ್ಷಾ ಕೊಡೂದೇ ಕೆಲಸ. ಒಬ್ಬ ಖಳನ ಮೈಯೆಲ್ಲಾ ಕರಗಿಸಿ ಬರೀ ದೊಡ್ಡ ತಲಿ ಮಾಡಿ, ಆಕಾಶದಾಗ ಒಬ್ಬ ರುಂಡವಿಲ್ಲದ ರಾಕ್ಷಸನ ಕಡೆಗೆ ಒಗಿತಾನ. ಯಮಲೋಕದ ಚಿತ್ರಪಟ ನೋಡಿದಂಗ ಅನಿಸ್ತದ. ಅವನದೇ ‘ಫ್ಯಾಂಟೋಮಾ’ ಅನ್ನೋ ಕಾಡಿನ ನಾಯಕಿ 1940ರ ಫೆಬ್ರುವರಿಯಾಗ ಬಂದಳು. ಸಿಟ್ಟು ಬಂದಾಗ ಆಕಿಯ ಚೆಲುವ ಮುಖ ನೀಲಿ ತಲಿಬುರುಡಿ ಆಗ್ತದ. ವಂಡರ್ ವುಮನ್ ಬಂದದ್ದು 1941ರ ಕೊನಿಗೆ. ಅಂದ್ರ ಜಗತ್ತಿಗೆಲ್ಲಾ ಗೊತ್ತಿರೋ ಆ ದೇವತೆಗಿಂತ ಮೊದಲೇ ಈ ಬುರುಡಿಮುಖದ ಶಕ್ತಿ ಇತ್ತು. ಆದರೆ ಫ್ಯಾಂಟೋಮಾನ ಕತೆಗೆ ಹ್ಯಾಂಕ್ಸ್ ತನ್ನ ಹೆಸರು ಹಾಕಲಿಲ್ಲ, ಬಾರ್ಕ್ಲೇ ಫ್ಲ್ಯಾಗ್ ಅಂತ ಹಾಕಿದ. ಮನಿಯೊಳಗ ಅವನು ಒಳ್ಳೇವನಾಗಿರಲಿಲ್ಲ. ಕುಡುಕ, ಹೆಂಡತಿ ಮಕ್ಕಳನ್ನ ಹೊಡಿಯಾವ, ಕಡೀಕ ಅವರನ್ನ ಬಿಟ್ಟೇ ಹೋದ. 1941ಕ್ಕ ಚಿತ್ರ ತೆಗಿಯೂದೂ ಬಿಟ್ಟ. 1976ರ ಚಳಿಗಾಲದಾಗ ನ್ಯೂಯಾರ್ಕಿನ ಒಂದು ಉದ್ಯಾನದ ಬಾಕಿನ ಮ್ಯಾಲ ಸೆಟೆದು ಸತ್ತುಬಿದ್ದಿದ್ದ. ಪಾಪಿಗಳಿಗೆ ಶಿಕ್ಷಾ ಕೊಡೋ ಮಾಂತ್ರಿಕನ್ನ ಮಾಡಿದವನ ಬಾಳು ಹಿಂಗಾತು.

ಇಷ್ಟು ವಿಚಿತ್ರ ಇದ್ದವರು ಮರೆತು ಹೋದದ್ದು ಸಹಜ ಅಂತ ನೀವು ಅನ್ನಬಹುದು. ಹಂಗಾದ್ರ ಈಗ ವಿಚಿತ್ರ ಅಲ್ಲದವರ ಕತೆ ಕೇಳ್ರಿ.

ಮೊದಲನೇ ಕಾರಣ ಕೋರ್ಟು. 1939ರ ಮೇ ತಿಂಗಳಾಗ ‘ವಂಡರ್ ಮ್ಯಾನ್’ ಅನ್ನೋ ವೀರ ಬಂದ. ಟಿಬೆಟ್ಟಿನ ಒಬ್ಬ ಯೋಗಿ ಕೊಟ್ಟ ಉಂಗುರದಿಂದ ಅವನಿಗೆ ಬಲ. ಬರೆದವನು ವಿಲ್ ಐಸ್ನರ್, ಮುಂದ ಇದೇ ಕಲೆಯೊಳಗ ದೊಡ್ಡ ಗುರು ಅನಿಸಿಕೊಂಡವನು. ಇದು ನಮ್ಮ ಸೂಪರ್‌ಮ್ಯಾನಿನ ನಕಲು ಅಂತ ಅವನ ಮಾಲಕರು ದಾವೆ ಹೂಡಿದರು, ಗೆದ್ದರು. ವಂಡರ್ ಮ್ಯಾನ್ ಒಂದೇ ಸಂಚಿಕೆಗೆ ಸತ್ತ. ಅದು ನಕಲೇ ಆಗಿತ್ತು, ಅದರಾಗ ತಕರಾರಿಲ್ಲ.

ಆದರೆ ‘ಕ್ಯಾಪ್ಟನ್ ಮಾರ್ವೆಲ್’ ಕತೆ ಹಂಗಲ್ಲ. 1940ರ ಫೆಬ್ರುವರಿ ಸಂಚಿಕೆಯೊಳಗ ಬಿಲ್ ಪಾರ್ಕರ್ ಬರೆದು, ಸಿ.ಸಿ. ಬೆಕ್ ಚಿತ್ರ ತೆಗೆದರು. ಬಿಲ್ಲಿ ಬ್ಯಾಟ್ಸನ್ ಅನ್ನೋ ತಬ್ಬಲಿ ಹುಡುಗ, ಪೇಪರ್ ಮಾರಾವ. ಒಬ್ಬ ಮುದಿ ಮಾಂತ್ರಿಕ ಅವನಿಗೆ ಒಂದು ಮಂತ್ರ ಕೊಡ್ತಾನ, ‘ಶಜಾಮ್’. ಸಾಲೊಮನ್ನನ ಬುದ್ಧಿ, ಹರ್ಕ್ಯುಲಿಸನ ಬಲ ಹಿಂಗ ಆರು ಮಂದಿ ಪುರಾಣಪುರುಷರ ಹೆಸರಿನ ಮೊದಲ ಅಕ್ಷರ ಕೂಡಿಸಿದ ಮಂತ್ರ ಅದು. ಅಂದ ಕೂಡಲೇ ಸಿಡಿಲು ಹೊಡೆದು ಹುಡುಗ ಮಹಾವೀರ ಆಗ್ತಾನ. ಓದೋ ಹುಡುಗನಿಗೆ ಇದಕ್ಕಿಂತ ಬ್ಯಾರೆ ಏನು ಬೇಕು? ಸೂಪರ್‌ಮ್ಯಾನ್ ಬ್ಯಾರೆ ಲೋಕದವನು, ಇವನು ಓಣಿಯ ಹುಡುಗ. 1944ರಾಗ ಕ್ಯಾಪ್ಟನ್ ಮಾರ್ವೆಲ್ ಪುಸ್ತಕ ವರ್ಷಕ್ಕ 1 ಕೋಟಿ 40 ಲಕ್ಷ ಪ್ರತಿ ಹೋತು ಅಂತ ಲೆಕ್ಕ ಅದ. ಸೂಪರ್‌ಮ್ಯಾನನ್ನೇ ಹಿಂದ ಹಾಕಿದ್ದ. ಅವನ ಮ್ಯಾಲೂ 1941ರಾಗ ದಾವೆ ಬಿತ್ತು. ಹನ್ನೆರಡು ವರ್ಷ ಎಳಿತು. ಅಷ್ಟರಾಗ ಇಂಥಾ ಪುಸ್ತಕಗಳ ಮಾರಾಟವೂ ಇಳಿದಿತ್ತು. 1953ರಾಗ ಫಾಸೆಟ್ ಅನ್ನೋ ಅವನ ಪ್ರಕಾಶಕರು ಸಾಕಾಗಿ 4 ಲಕ್ಷ ಡಾಲರ್ ಕೊಟ್ಟು, ಅವನನ್ನು ಇನ್ನು ಪ್ರಕಟ ಮಾಡೂದಿಲ್ಲ ಅಂತ ಬರೆದುಕೊಟ್ಟರು. ಓದುಗರಿಗೆ ಬ್ಯಾಡಾಗಿ ಹೋದವನಲ್ಲ ಅವನು. ಕರಾರಿನಿಂದ ಹೋದ.

ಅವನ ಮುಂದಿನ ಕತೆಯೂ ಸ್ವಾರಸ್ಯ ಅದ. 1972ರಾಗ ಸೂಪರ್‌ಮ್ಯಾನಿನ ಮಾಲಕರೇ ಕ್ಯಾಪ್ಟನ್ ಮಾರ್ವೆಲನನ್ನು ಬಾಡಿಗಿಗೆ ತಂದರು. ಆದರೆ ಅಷ್ಟರಾಗ ಮಾರ್ವೆಲ್ ಅನ್ನೋ ಇನ್ನೊಂದು ಕಂಪನಿ ಆ ಹೆಸರನ್ನು ತನ್ನದು ಮಾಡಿಕೊಂಡಿತ್ತು. ಹಂಗಾಗಿ ತನ್ನ ಸ್ವಂತ ಪುಸ್ತಕದ ಮುಖಪುಟದ ಮ್ಯಾಲ ತನ್ನ ಹೆಸರು ಹಾಕಿಕೊಳ್ಳೂ ಹಂಗಿಲ್ಲದೆ ‘ಶಜಾಮ್’ ಅಂತ ಬಂದ. ಈಗಿನ ಹುಡುಗರು ಸಿನೆಮಾದಾಗ ಆ ಹೆಸರಿನಿಂದಲೇ ಅವನನ್ನು ಗುರುತಿಸ್ತಾರ. ಮನಿ ಹೋದ ಮ್ಯಾಲ ಹೆಸರೂ ಹೋದ ವೀರ ಅವನು.

ಎರಡನೇ ಕಾರಣ ಮೈಬಣ್ಣ. 1944ರಾಗ ಚು ಹಿಂಗ್ ಅನ್ನೋ ಚೀನೀ ಮೂಲದ ಅಮೆರಿಕಾದ ಕಲಾವಿದ ‘ಗ್ರೀನ್ ಟರ್ಟಲ್’ ಅನ್ನೋ ವೀರನ್ನ ಮಾಡಿದ. ಹಸಿರು ಆಮೆ. ಚೀನಾದ ನೆಲದಾಗ ಜಪಾನಿ ಸೈನ್ಯದ ಜೋಡಿ ಕಾದಾಡ್ತಾನ. ಆದರೆ ಪುಟ ತಿರುವಿದರೆ ಒಂದು ವಿಚಿತ್ರ ಕಾಣ್ತದ. ಅವನ ಮುಖ ಪೂರಾ ಎಲ್ಲೂ ಕಾಣೂದಿಲ್ಲ. ಬೆನ್ನು ತಿರುಗಿಸಿರ್ತಾನ, ಇಲ್ಲಾ ಕೈ ಅಡ್ಡ ಇರ್ತದ, ಇಲ್ಲಾ ನೆರಳು ಬಿದ್ದಿರ್ತದ. ಕಲಾವಿದನಿಗೆ ತನ್ನ ವೀರ ಚೀನೀ ಆಗಿರಬೇಕು ಅಂತ ಇತ್ತು, ಪ್ರಕಾಶಕರು ಒಪ್ಪಲಿಲ್ಲ, ಅದಕ್ಕ ಮುಖವನ್ನೇ ತೋರಿಸಲಿಲ್ಲ ಅಂತ ಒಂದು ಮಾತು ಬಾಯಿಂದ ಬಾಯಿಗೆ ಬಂದದ. ಐದು ಸಂಚಿಕೆಗೆ ಅವನು ಮುಗಿದ. ಎಪ್ಪತ್ತು ವರ್ಷ ಕಳೆದು, 2014ರಾಗ ಜೀನ್ ಲುಯೆನ್ ಯಾಂಗ್ ಮತ್ತು ಸಾನಿ ಲ್ಯೂ ಕೂಡಿ ಹೊಸ ಪುಸ್ತಕ ಮಾಡಿ ಅವನಿಗೆ ಮುಖ ಕೊಟ್ಟರು, ಚೀನೀ ಮುಖ.

1947ರ ಜೂನಿನಾಗ ಫಿಲಡೆಲ್ಫಿಯಾದ ಪತ್ರಕರ್ತ ಆರಿನ್ ಇವಾನ್ಸ್ ‘ಆಲ್ ನೀಗ್ರೋ ಕಾಮಿಕ್ಸ್’ ಅಂತ ಪುಸ್ತಕ ತಂದ. ಆ ಕಾಲದಾಗ ಕಪ್ಪು ಜನರನ್ನು ಕಾಮಿಕ್ಸಿನಾಗ ದಪ್ಪ ತುಟಿಯ ಆಳು, ಹೆದರುಪುಕ್ಕಲ ಅಂತಲೇ ತೋರಿಸ್ತಿದ್ದರು. ಇವಾನ್ಸ್ ತಾನೂ ಕಪ್ಪು ಜನಾಂಗದವನು. ಬರೆಯುವವರು, ಚಿತ್ರ ತೆಗೆಯುವವರು ಎಲ್ಲಾ ಕಪ್ಪು ಜನರೇ ಆಗಿರೋ ಪುಸ್ತಕ ಅದು. ಅದರಾಗ ‘ಲಯನ್ ಮ್ಯಾನ್’ ಅಂತ ವೀರ. ಅಮೆರಿಕಾದಾಗ ಹುಟ್ಟಿ ಕಾಲೇಜು ಕಲಿತ ವಿಜ್ಞಾನಿ. ವಿಶ್ವಸಂಸ್ಥೆ ಅವನನ್ನು ಆಫ್ರಿಕಾದ ಗೋಲ್ಡ್ ಕೋಸ್ಟಿಗೆ ಕಳಿಸ್ತದ, ಅಲ್ಲಿಯ ಒಂದು ಗುಡ್ಡದಾಗ ಇರೋ ಯುರೇನಿಯಂ ದುಷ್ಟರ ಕೈಗೆ ಸಿಗದಂಗ ಕಾಯಾಕ. ಪುಸ್ತಕದ ಬೆಲೆ 15 ಸೆಂಟ್. ಎರಡನೇ ಸಂಚಿಕೆ ತಯಾರಿ ನಡೆದಿತ್ತು. ಆದರೆ ಇವಾನ್ಸ್‌ಗೆ ಕಾಗದ ಮಾರಾಕ ಯಾರೂ ಮುಂದ ಬರಲಿಲ್ಲ. ಕಾಗದ ಸಿಗಲಿಲ್ಲ ಅಂದ್ರ ವೀರ ಎಲ್ಲಿಂದ ಬದುಕಬೇಕು? ಸಿಂಹದಂಥಾ ಮನುಷ್ಯ ಒಂದೇ ಸಂಚಿಕೆಗೆ ನಿಂತ.

ಮೂರನೇ ಕಾರಣ ಯುದ್ಧ ಮತ್ತು ಬೆಂಕಿ. ಎರಡನೇ ಮಹಾಯುದ್ಧದಾಗ ಅಮೆರಿಕಾದಾಗ ರದ್ದಿ ಕಾಗದ ಕೂಡಿಸೋ ಚಳವಳಿ ನಡೀತು. ಶಾಲೆಯ ಮಕ್ಕಳು ಮನಿ ಮನಿ ತಿರುಗಿ ಕಾಗದ ಕೂಡಿಸಿದರು. ಅದರ ಜೋಡಿ ತಮ್ಮ ಕಾಮಿಕ್ಸನ್ನೂ ಹಾಕಿದರು. ವೀರರು ಪುಟದ ಮ್ಯಾಲ ಹಿಟ್ಲರನ ಜೋಡಿ ಕಾದಾಡಿದರು, ಪುಟ ಮಾತ್ರ ಗಿರಣಿಯೊಳಗ ಅರೆದು ಹೋದವು. ಹಳೇ ಪ್ರತಿ ಇವತ್ತು ಇಷ್ಟು ದುಬಾರಿ ಆಗಾಕ ಅದೂ ಒಂದು ಕಾರಣ.

ಯುದ್ಧ ಮುಗಿದ ಮ್ಯಾಲ ಮಂದಿಗೆ ವೀರರು ಸಪ್ಪೆ ಅನಿಸಿದರು. ಪ್ರಕಾಶಕರು ಕೊಲೆ, ದೆವ್ವದ ಕತೆ ಹಿಡಿದರು. ಅದನ್ನ ನೋಡಿ ತಾಯಿ ತಂದಿ, ಶಿಕ್ಷಕರು, ಪಾದ್ರಿಗಳು ಗಾಬರಿಯಾದರು. 1948ರ ಅಕ್ಟೋಬರಿನಾಗ ವೆಸ್ಟ್ ವರ್ಜಿನಿಯಾ ರಾಜ್ಯದ ಸ್ಪೆನ್ಸರ್ ಅನ್ನೋ ಸಣ್ಣ ಊರಾಗ ಶಾಲೆಯ ಮಕ್ಕಳೇ ಸುಮಾರು 2000 ಕಾಮಿಕ್ಸ್ ಕೂಡಿಸಿ ಬೆಂಕಿ ಹಚ್ಚಿದರು. ಬ್ಯಾರೆ ಊರಾಗೂ ಹಿಂಗ ಆತು. ಹಿಟ್ಲರನ ಜರ್ಮನಿಯಾಗ ಪುಸ್ತಕ ಸುಟ್ಟು ಹದಿನೈದು ವರ್ಷ ಆಗಿತ್ತು, ಅವನನ್ನು ಸೋಲಿಸಿ ಮೂರು ವರ್ಷ ಆಗಿತ್ತು. 1954ರಾಗ ಡಾಕ್ಟರ್ ಫ್ರೆಡ್ರಿಕ್ ವರ್ಥಮ್ ಅನ್ನೋ ಮನೋವೈದ್ಯ ಕಾಮಿಕ್ಸಿನಿಂದಲೇ ಮಕ್ಕಳು ಕೆಡ್ತಾರ ಅಂತ ದೊಡ್ಡ ಪುಸ್ತಕ ಬರೆದ. ಅದೇ ವರ್ಷ ಅಲ್ಲಿಯ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು, ಪ್ರಕಾಶಕರು ಹೆದರಿ ತಮಗೆ ತಾವೇ ಬಿಗಿ ನಿಯಮ ಹಾಕಿಕೊಂಡರು. ಎಷ್ಟೋ ಕಂಪನಿ ಬಾಗಿಲು ಹಾಕಿದವು. ಆ ವೈದ್ಯ ತನ್ನ ಪುಸ್ತಕದಾಗ ಮಕ್ಕಳು ಹೇಳಿದ್ದನ್ನ ತಿರುಚಿ, ಕೂಡಿಸಿ ಕಳೆದು ಬರೆದಿದ್ದ ಅಂತ ಕ್ಯಾರಲ್ ಟಿಲ್ಲಿ ಅನ್ನೋ ವಿದ್ವಾಂಸೆ 2012ರಾಗ ಅವನದೇ ಕಾಗದಪತ್ರ ತೆಗೆದು ತೋರಿಸಿದರು. ಅಷ್ಟೊತ್ತಿಗೆ ಬೂದಿ ತಣ್ಣಗಾಗಿ ಅರವತ್ತು ವರ್ಷ ಆಗಿತ್ತು.

ಹಂಗಂತ ಎಲ್ಲಾ ಮುಗೀತು ಅಂತಲ್ಲ. ಇಲ್ಲಿ ಒಂದು ಸೋಜಿಗ ಅದ. ಆ ಕಾಲದ ಅಮೆರಿಕಾದ ಕಾಯ್ದೆ ಪ್ರಕಾರ ಪುಸ್ತಕದ ಹಕ್ಕು 28 ವರ್ಷ. ಆಮ್ಯಾಲ ಅರ್ಜಿ ಹಾಕಿ ಹೊಸದು ಮಾಡಿಸಬೇಕು. ಮುಚ್ಚಿಹೋದ ಕಂಪನಿಯವರು ಯಾರು ಅರ್ಜಿ ಹಾಕಬೇಕು? ಹಿಂಗಾಗಿ ಸ್ಟಾರ್‌ಡಸ್ಟ್, ಫ್ಯಾಂಟೋಮಾ, ಗ್ರೀನ್ ಟರ್ಟಲ್ ಇವರೆಲ್ಲಾ ಒಡೆಯರಿಲ್ಲದೆ ಊರಿನವರಾದರು. ಗಾಂವಠಾಣ ಇದ್ದಂಗ, ಯಾರು ಬೇಕಾದರೂ ಹೋಗಿ ನಿಲ್ಲಬಹುದು. ಈಗ ಆ ಹಳೇ ಪುಟಗಳು ಪುಕ್ಕಟೆ ನೋಡಾಕ ಸಿಗ್ತಾವ. ಚಿತ್ರ ನೋಡಾಕ ಇಂಗ್ಲಿಷ್ ಬೇಕಿಲ್ಲ. ಹೊಸ ಕಲಾವಿದರು ಅವರನ್ನು ಹೊಸ ಕತೆಯೊಳಗ ಎಬ್ಬಿಸ್ತಾರ. ಸೂಪರ್‌ಮ್ಯಾನಿಗೆ ಇನ್ನೂ ಒಡೆಯ ಇದ್ದಾನ, ಅವನ ಬೇಲಿ ಗಟ್ಟಿ ಅದ. ಮರೆತವರಿಗೆ ಬೇಲಿ ಇಲ್ಲ.

ನಮ್ಮ ಕಡೆಗೂ ಈ ಲೋಕದ ಒಂದು ತುಂಡು ಬಂದದ. ಲೀ ಫಾಕ್ 1936ರಾಗ ಮಾಡಿದ ಮುಖವಾಡದ ವೀರ ಫ್ಯಾಂಟಮ್, 1964ರಿಂದ ‘ಇಂದ್ರಜಾಲ ಕಾಮಿಕ್ಸ್’ ಮೂಲಕ ಭಾರತದ ಭಾಷೆಗಳೊಳಗ ಬಂದ, ಕನ್ನಡದೊಳಗೂ ಬಂದ. ನಮ್ಮ ಪಕ್ಕದ ಮರಾಠಿಯವರು ಅವನನ್ನು ವೇತಾಳ ಅಂತ ಕರೆದು ತಮ್ಮವನನ್ನೇ ಮಾಡಿಕೊಂಡರು. 1990ಕ್ಕ ಆ ಪುಸ್ತಕಗಳು ನಿಂತವು. ಓದಿದವರು ಈಗ ಅಜ್ಜಂದಿರಾಗ್ಯಾರ.

ಕಡೀಗೆ ವೀರರಿಗಿಂತ ಅವರನ್ನು ಮಾಡಿದವರ ಮಾತು ಹೇಳಬೇಕು. ಸೀಗಲ್ ಮುದುಕನಾದಾಗ ಟಪಾಲು ವಿಂಗಡಿಸೋ ಗುಮಾಸ್ತಿಕಿ ಮಾಡ್ತಿದ್ದ. ಶೂಸ್ಟರನ ಕಣ್ಣು ಮಂಜಾಗಿದ್ದವು. 1975ರಾಗ ಅವರು ಪತ್ರಿಕೆಗಳ ಮುಂದ ತಮ್ಮ ಗೋಳು ಹೇಳಿಕೊಂಡ ಮ್ಯಾಲ ಕಂಪನಿ ವರ್ಷಕ್ಕ 20,000 ಡಾಲರ್ ಕೊಡಾಕ, ಸೂಪರ್‌ಮ್ಯಾನ್ ಕತೆಯೊಳಗ ಅವರ ಹೆಸರು ಹಾಕಾಕ ಒಪ್ಪಿತು. ಬ್ಯಾಟ್‌ಮ್ಯಾನನ್ನು ಬೆಳೆಸಿದ ಬಿಲ್ ಫಿಂಗರ್ 1974ರಾಗ ತೀರಿಕೊಂಡ. ಅವನ ಹೆಸರು ಅಧಿಕೃತವಾಗಿ ಬ್ಯಾಟ್‌ಮ್ಯಾನ್ ಕತೆಗೆ ಹತ್ತಿದ್ದು 2015ರಾಗ. ಸತ್ತು 41 ವರ್ಷ ಆದ ಮ್ಯಾಲ. ಮ್ಯಾಡಮ್ ಫೇಟಲ್ ಮಾಡಿದ ಆರ್ಥರ್ ಪಿನಾಜಿಯನ್ ಕಾಮಿಕ್ಸ್ ಬಿಟ್ಟು ಬಾಳೆಲ್ಲಾ ಬಣ್ಣದ ಚಿತ್ರ ತೆಗೆದ, ಯಾರೂ ಕೇಳಲಿಲ್ಲ. 1999ರಾಗ ಅವನು ಸತ್ತ ಮ್ಯಾಲ ಬೆಲ್‌ಪೋರ್ಟ್ ಅನ್ನೋ ಊರಿನ ಸಣ್ಣ ಮನಿಯೊಳಗ ಅವನ ಚಿತ್ರಗಳ ರಾಶಿ ಬಿದ್ದಿತ್ತು. ಮನಿ ಕೊಂಡವನು ಕಸಕ್ಕ ಹಾಕದೆ ಉಳಿಸಿದ್ದಕ್ಕ ಇವತ್ತು ಅವನ ಹೆಸರು ಗೊತ್ತಾಗ್ಯದ.

ನಮ್ಮ ಲಾವಣಿ, ಗೀಗೀ ಪದದಾಗ ಕಡೀ ನುಡಿಗೆ ಕವಿ ತನ್ನ ಊರು, ತನ್ನ ಗುರು, ತನ್ನ ಹೆಸರು ಹೇಳಿಯೇ ಪದ ಮುಗಿಸ್ತಾನ. ಹಾಡು ಎಲ್ಲರದು. ಯಾರು ಬೇಕಾದರೂ ಹಾಡಬಹುದು, ರೊಕ್ಕ ಕೊಡಬೇಕಾಗಿಲ್ಲ. ಆದರೆ ಆ ಕಡೀ ನುಡಿ ಬಿಟ್ಟು ಹಾಡಿದರೆ ಹಿರಿಯರು ತಡೀತಿದ್ದರು. ಒಡೆತನ ಬ್ಯಾರೆ, ಮಾಡಿದವನ ಹೆಸರು ಬ್ಯಾರೆ ಅನ್ನೂದು ಅವರಿಗೆ ಗೊತ್ತಿತ್ತು. ಅಮೆರಿಕಾದ ಆ ಕಂಪನಿಗಳು ಒಡೆತನ ಇಟ್ಟುಕೊಂಡು ಹೆಸರು ಅಳಿಸಿದರು. ನಾವು ಒಡೆತನ ಬಿಟ್ಟು ಹೆಸರು ಉಳಿಸಿದೆವು. ಈಗಿನ ಹುಡುಗರು ಮೊಬೈಲಿನಾಗ ಪದ ಹಾಕುವಾಗ ಮೊದಲ ಎರಡು ನುಡಿ ಹಾಡಿ ನಿಲ್ಲಿಸ್ತಾರ, ಕಡೀ ನುಡಿ ಬರೂದೇ ಇಲ್ಲ. ಹಂಗಾದ್ರ ನಮ್ಮ ಕವಿಗಳಿಗೂ ಬಿಲ್ ಫಿಂಗರನ ಗತಿಯೇ ಬರ್ತದ.

ನಮ್ಮ ಗುರುಗಳಲ್ಲಿ ಒಂದು ಬಿನ್ನಹ. ಮಕ್ಕಳು ಚಿತ್ರ ತೆಗೆದರೆ, ಕತೆ ಬರೆದರೆ, ಹಾಡು ಕಟ್ಟಿದರೆ ಎಷ್ಟೇ ವಿಚಿತ್ರ ಇರಲಿ ನಗಬ್ಯಾಡ್ರಿ. ಜೇನುಹುಳ ಸಾಕಿದ ವೀರ ಇರಲಿ, ಪಾತ್ರಿ ಹೊತ್ತ ತಾಯಿ ಇರಲಿ. ಕೆಳಗ ಹೆಸರು, ಊರು, ತಾರೀಖು ಬರೆಸಿ, ವಾಚನಾಲಯದ ಕಪಾಟಿನಾಗ ಇಡ್ರಿ. ಯಾವುದು ಉಳಿಬೇಕು ಅನ್ನೂದನ್ನ ಮುಂದಿನವರು ತೀರ್ಮಾನ ಮಾಡ್ಲಿ. ಅವರು ತೀರ್ಮಾನ ಮಾಡೂ ಹೊತ್ತಿಗೆ ಕಾಗದ ಇರಬೇಕು, ಅದರ ಮ್ಯಾಲ ಮಾಡಿದವರ ಹೆಸರು ಇರಬೇಕು.